ನುಂಗಿದ ಮಹಾಪ್ರಾಣ

ಚಳ್ಳಕೆರೆ
14-9-2002

ತಂಗಿ ಮೆಹಜಬೀನ್‌ಗೆ ಅಣ್ಣ ಬಾಬು ಸಾಬ್ ಮಾಡುವ ಸಲಾಂ.

ಯಾರವನು? ನನ್ನ ತಂಗಿಯ ಹೊಟ್ಟೆಯೊಳಗೆ ಇಂಥವನೊಬ್ಬ ರಾಕ್ಷಸ ಕೂತಿರುವುದನ್ನು ಕಾಣದೆ ವರ್ಷಗಟ್ಟಲೆ ಮಾತ್ರೆ ಬರೆದ ಆ ಕುರುಡ ಯಾರು? ಎದುರಿಗೆ ಬರಲಿ! ಈ ಬಾಬು ಸಾಬ್ ಇನ್ನೂ ಸತ್ತಿಲ್ಲ. ಗದೆ ಇಲ್ಲದಿದ್ದರೇನಾಯಿತು, ಕೈಯಲ್ಲಿ ವೀಲ್ ಸ್ಪ್ಯಾನರ್ ಇದೆ.

ನಿನ್ನ ಗಂಡ ರಿಹಾನ್ ಬೆಂಗಳೂರಿನಿಂದ ನಮ್ಮ ಗ್ಯಾರೇಜಿನ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ್ದ. "ಟ್ಯೂಬಲ್ಲಿ ಕ್ಯಾನ್ಸರ್ ಅಂತೆ ಭಾಯ್" ಅಂದ. ಇಪ್ಪತ್ತೆಂಟು ವರ್ಷ ಲಾರಿ ಟ್ಯೂಬಿಗೆ ತೇಪೆ ಹಾಕಿದ ಮನುಷ್ಯ ನಾನು, "ಯಾವ ಗಾಡಿದಪ್ಪಾ?" ಅಂತ ಕೇಳಿಬಿಟ್ಟೆ. ಆ ಕಡೆ ಅವನು ಅತ್ತ. ಗರ್ಭಕೋಶದ ಎರಡು ಬದಿಗೂ ಒಂದೊಂದು ನಾಳ ಇರುತ್ತದಂತೆ, ಅದನ್ನೇ ಡಾಕ್ಟರುಗಳು ಟ್ಯೂಬು ಅನ್ನುತ್ತಾರಂತೆ. ಐವತ್ತು ಹತ್ತಿರ ಬಂದಮೇಲೆ ಇದನ್ನು ಫೋನಿನಲ್ಲಿ ಕಲಿತೆ.

ಇನ್ನೊಂದು ಮಾತೂ ಹೇಳಿದ. ಅಲ್ಲಿನ ದೊಡ್ಡ ಡಾಕ್ಟರಮ್ಮ ನಿನ್ನ ಹಳೇ ಕಾಗದಗಳನ್ನೆಲ್ಲ ತಿರುವಿ ಹಾಕಿ, "ಈಕೆಗೆ ಹಿಂದೆ ಟಿಬಿ ಆಗಿದ್ದು ಒಂದು ಕಡೆಯೂ ಇಲ್ಲವಲ್ಲ, ಈ ಕಾಗದ ಬರೆದವನು ಯಾರು?" ಅಂತ ಸಿಟ್ಟಾದರಂತೆ. ಯಾರು ಅಂದರೆ ಯಾರು? ಮೊಳಕಾಲ್ಮೂರಿನ ದವಾಖಾನೆಯಲ್ಲಿ ಆಗ ಕಾಂಪೌಂಡರ್ ಆಗಿದ್ದ ಆ ಗೋವರ್ಧನ! ನನ್ನ ಜೊತೆಯಲ್ಲೇ ಬಣ್ಣ ಹಚ್ಚಿ ಮಂತ್ರಿ ಪಾತ್ರ ಮಾಡುತ್ತಿದ್ದ ಮಹಾನುಭಾವ! ಬರುವ ವಾರ ಅವನ ಮನೆ ಬಾಗಿಲಲ್ಲಿ ನಿಂತು ಕೇಳುತ್ತೇನೆ. ಕೇಳುವ ದನಿಗೆ ಅವನ ಹಂಚು ಹಾರಿ ಹೋಗದಿದ್ದರೆ ನನ್ನ ಹೆಸರು ಬದಲಾಯಿಸು.

ನೀನು ಹೆದರಬೇಡ. ಅಮ್ಮಿ ದಿನವೂ ದುವಾ ಮಾಡುತ್ತಾಳೆ.

ಕೊನೆಗೊಂದು ಸಣ್ಣ ಮಾತು. ನನ್ನ ಮಗಳು ಹೀನಾಗೆ ರಾಯದುರ್ಗದಿಂದ ಸಂಬಂಧ ಬಂದಿದೆ. ಒಳ್ಳೆಯ ಮನೆತನ. ಹುಡುಗಿ ಸ್ವಲ್ಪ ಸೊರಗಿದ್ದಾಳೆ; ಸಂಜೆ ಮೈ ಬೆಚ್ಚಗಾಗುತ್ತದೆ, ಕೆಮ್ಮು ಐತೆ. ಎಣ್ಣೆ ಮಿಲ್ಲುಗಳ ಧೂಳು, ಅಷ್ಟೆ. ನಿಖಾ ಮುಗಿಯುವವರೆಗೆ ನಿನ್ನ ಕಡೆಯಿಂದ ಟಿಬಿ ಎಂಬ ಮಾತು ಯಾರ ಕಿವಿಗೂ ಬೀಳಬಾರದು. ಇದು ಅಣ್ಣನ ಅಪ್ಪಣೆ ಅಂದುಕೋ, ಬೇಡಿಕೆ ಅಂದುಕೋ.

ನಿನ್ನ ಅಣ್ಣ,
ಬಾಬು ಸಾಬ್


ಮೊಳಕಾಲ್ಮೂರು
2-10-2002

ಭಾಯ್,

ನಿನ್ನ ಕಾಗದ ಓದಿದೆ. ಚಪ್ಪಾಳೆ ತಟ್ಟೋಣವೆಂದರೆ ಕೈಗೆ ಸೂಜಿ ಚುಚ್ಚಿದ್ದರು, ಆಗಲಿಲ್ಲ.

ಇದು ಅಣ್ಣನಿಗೆ ಬರೆಯುವ ಮಾತಲ್ಲ. ಆದರೂ ಬರೆಯುತ್ತೇನೆ, ಮುಖ ತಿರುಗಿಸದೆ ಓದು. ಎರಡು ವರ್ಷದಿಂದ ನನಗೆ ನೀರಿನ ಹಾಗೆ ಹೋಗುತ್ತಿತ್ತು. ಎಡ ಕಿಬ್ಬೊಟ್ಟೆ ಹಿಂಡಿ ಹಿಂಡಿ ಬರುತ್ತಿತ್ತು, ನೀರು ಹೋದಮೇಲೆ ನೋವು ಇಳಿಯುತ್ತಿತ್ತು. ಬಿಳಿಸೆರಗು ಅಂದರು. ಉಷ್ಣ ಅಂದರು. ಅತ್ತೆ ಜೀರಿಗೆ ನೀರು ಕುಡಿಸಿದರು. ಸೀರೆ ಒದ್ದೆಯಾಗುತ್ತದೆಂದು ಎರಡು ವರ್ಷ ನಾನು ಒಂದು ಮದುವೆಗೂ ಹೋಗಲಿಲ್ಲ. ಹೇಗೂ ಬಂಜೆಯನ್ನು ಯಾರೂ ಎದುರು ನೋಡುತ್ತಿರಲಿಲ್ಲ, ಬಿಡು.

ಡಾಕ್ಟರಮ್ಮ ನನ್ನ ಹಾಸಿಗೆ ಪಕ್ಕದಲ್ಲಿ ಕೂತು ಹೇಳಿದರು: "ನೋಡಮ್ಮಾ, ನಿನ್ನ ಟ್ಯೂಬಲ್ಲಿ ಎರಡು ಸಿಕ್ಕಿದೆ. ಒಂದು ಕ್ಯಾನ್ಸರ್. ಇನ್ನೊಂದು ಹಳೇ ಟಿಬಿ ಬಿಟ್ಟು ಹೋದ ಗುರುತು. ಎರಡು ಟ್ಯೂಬೂ ಗಂಟುಗಂಟಾಗಿ ಮುಚ್ಚಿಹೋಗಿವೆ. ನಿನಗೆ ಮಕ್ಕಳಾಗದೆ ಇದ್ದಿದ್ದು ಅದರಿಂದ."

"ಕ್ಯಾನ್ಸರ್ ಬಂದಿದ್ದೂ ಅದರಿಂದಲೇನಾ ಅಮ್ಮಾ?" ಅಂದೆ.

"ಇರಬಹುದು. ಇಲ್ಲದೆಯೂ ಇರಬಹುದು. ವರ್ಷಗಟ್ಟಲೆ ಹುಣ್ಣಾಗಿದ್ದ ಜಾಗದಲ್ಲಿ ಇದು ಹುಟ್ಟುತ್ತೆ ಅಂತ ಕೆಲವರು ಬರೀತಾರೆ. ಎರಡೂ ಒಟ್ಟಿಗೆ ಸಿಗೋದು ಬರೀ ಆಕಸ್ಮಿಕ ಅಂತ ಬೇರೆಯವರು. ಯಾರೂ ಇನ್ನೂ ಸಾಬೀತು ಮಾಡಿಲ್ಲ. ನಾನು ಸುಳ್ಳು ಹೇಳಲ್ಲ."

ಕೇಳಿದೆಯಾ ಭಾಯ್? ಇರಬಹುದಂತೆ! ಒಬ್ಬ ಮನುಷ್ಯನಾದರೆ ಕೊರಳಪಟ್ಟಿ ಹಿಡಿದು ಬೀದಿಗೆಳೆಯಬಹುದು. 'ಇರಬಹುದು' ಎಂಬುದರ ಕೊರಳಪಟ್ಟಿ ಎಲ್ಲಿರುತ್ತದೆ? ಆದರೆ ಬಂಜೆತನದ ವಿಷಯದಲ್ಲಿ ಆ ತಾಯಿ 'ಇರಬಹುದು' ಅನ್ನಲಿಲ್ಲ. ಅದಕ್ಕೆ ಕೊರಳಪಟ್ಟಿ ಉಂಟು. ಅದನ್ನೇ ಹಿಡಿಯಲು ಈ ಕಾಗದ.

ಮನೆಗೆ ಬಂದವಳೇ ತಗಡಿನ ಪೆಟ್ಟಿಗೆ ತೆಗೆಸಿ ಗೋವರ್ಧನಣ್ಣ ಬರೆದ ಆ ಹಳೇ ಕಾಗದ ನೋಡಿದೆ. 1986ರದು. 'ಹಿಂದಿನ ಕಾಯಿಲೆ' ಎಂಬ ಸಾಲಿನ ಮುಂದೆ ಗುಂಡಗೆ ಬರೆದಿದ್ದಾರೆ: 'ಇಲ್ಲ. ದಿಕ್ಕು: ಅಣ್ಣ ಬಾಬು ಸಾಬ್.'

ನೆನಪಿದೆಯಾ? ನನ್ನ ಮದುವೆಯಾಗಿ ಮೂರು ವರ್ಷ. ಮಕ್ಕಳಾಗಲಿಲ್ಲವೆಂದು ತೋರಿಸಲು ಹೋಗಿದ್ದೆವು. ಒಳಗೆ ನಾನು, ಅಮ್ಮಿ, ನೀನು. ಹೊರಗೆ ಬೆಂಚಿನ ಮೇಲೆ ನನ್ನ ಅತ್ತೆ. "ಮೊದಲು ಏನಾದರೂ ದೊಡ್ಡ ಕಾಯಿಲೆ ಆಗಿತ್ತಾ?" ಅಂತ ಡಾಕ್ಟರು ಕೇಳಿದರು. ಅಮ್ಮಿಗೆ ಕನ್ನಡ ಅಷ್ಟಕ್ಕಷ್ಟೆ. ಸೆರಗು ಬಾಯಿಗೆ ಹಿಡಿದು ಮೆಲ್ಲಗೆ, "ದಿಖ್ ಥಾ ಇಸ್ಕು" ಅಂದಳು. ದಿಖ್ ಅಂದರೆ ನಮ್ಮ ಮನೆ ಮಾತಿನಲ್ಲಿ ಟಿಬಿ. ಡಾಕ್ಟರಿಗೆ ಅದು ಗೊತ್ತಿಲ್ಲ. "ಏನಂದ್ರು? ದಿಕ್ಕಾ?" ಅಂದರು. ಆಗ ನೀನು ಎದ್ದು ನಿಂತೆ. ಎದೆ ತಟ್ಟಿಕೊಂಡೆ. ಮೂರು ಅಂಗಡಿಗೆ ಕೇಳುವ ದನಿಯಲ್ಲಿ, "ಹೌದು ಸಾರ್, ದಿಕ್ಕು! ಈಕೆಗೆ ದಿಕ್ಕು ಯಾರು ಅಂದರೆ, ಈ ಅಣ್ಣ! ನಾನಿರೋವರೆಗೂ ಈಕೆ ದಿಕ್ಕಿಲ್ಲದೋಳಲ್ಲ!" ಅಂದೆ. ಗೋವರ್ಧನಣ್ಣ ಬರೆದುಕೊಂಡರು.

ಆವತ್ತು ನಾನೂ ಬಾಯಿ ಬಿಡಲಿಲ್ಲ, ನಿಜ. ಟಿಬಿ ವಾಸಿಯಾಗಿ ಹೋಯಿತೆಂದು ನೀವೇ ಹೇಳಿದ್ದಿರಿ. ಅದಕ್ಕೂ ಮಗುವಿಗೂ ನಂಟು ಇರುತ್ತದೆಂದು ನನಗೆ ಯಾರು ಹೇಳಿದ್ದರು? ಡಾಕ್ಟರಿಗೆ ಗೊತ್ತಿತ್ತು. ಅದಕ್ಕೇ ಕೇಳಿದರು.

ನನಗೊಂದೇ ಉತ್ತರ ಬೇಕು. ನಾಟಕದ ಮೇಷ್ಟ್ರು ಚಿಕ್ಕಬಸಪ್ಪನವರು ನಿನ್ನ ಬಾಯಿ ಮುಂದೆ ಕಾಗದದ ಚೂರು ಹಿಡಿದು 'ಖ' ಹೇಳಿಸುತ್ತಿದ್ದರು. ಕಾಗದ ಅಲುಗಾಡದಿದ್ದರೆ ತಲೆಗೊಂದು ಮೊಟಕು. "ಮಹಾಪ್ರಾಣ ನುಂಗಬೇಡಲೇ ಸಾಬಿ, ರಾಜನ ಪಾತ್ರ ಮಾಡೋನು ನೀನು!" ಗ್ಯಾರೇಜಿನಲ್ಲಿ ಪುಸ್ತಕ ಹಿಡಿದು, ನೀನು ಮರೆತಾಗ ಮಾತು ಕೊಡುತ್ತಿದ್ದವಳು ನಾನು. ಇಡೀ ಚಳ್ಳಕೆರೆ ತಾಲ್ಲೂಕಿನಲ್ಲಿ ನಿನ್ನ ಹಾಗೆ ಖ, ಘ, ಛ, ಝ ಉಗುಳುವ ನಟ ಇರಲಿಲ್ಲ. ಅಂಥವನು ತಾಯಿಯ ಬಾಯಿಂದ ಬಂದ 'ದಿಖ್' ಕೇಳಿ 'ದಿಕ್ಕು' ಅಂದೆಯಲ್ಲ, ಕಿವಿ ತಪ್ಪಿತೇ? ಬೇಕೆಂದೇ ನುಂಗಿದೆಯೇ?

ಪಕ್ಕದ ಮನೆ ಪಾಲಮ್ಮ ಮಗ್ಗಕ್ಕೆ ಹೊಸ ಹಾಸು ಏರಿಸುವ ದಿನ ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಾಳೆ. ಹದಿನೈದು ವರ್ಷದಿಂದ ಆ ಬಾಗಿಲು ನೋಡುತ್ತಿದ್ದೇನೆ. ಉತ್ತರ ಬರೆ.

ಹೀನಾಳ ಕೆಮ್ಮು ಎಷ್ಟು ವಾರದ್ದು? ಅದನ್ನೂ ಬರೆ.

ಮೆಹಜಬೀನ್


ಚಳ್ಳಕೆರೆ
20-10-2002

ಮೆಹಜಬೀನ್,

ಸಾಕು! ಕೇಳಿಸಿತ್ತು. ಅಮ್ಮಿ ಅಂದದ್ದು ಖ ಸಮೇತ ಕೇಳಿಸಿತ್ತು. ಸಮಾಧಾನವಾಯಿತೇ?

ಆದರೆ ನಿನಗೆ ಕಾಣದಿದ್ದುದು ನನಗೆ ಕಾಣುತ್ತಿತ್ತು. ದವಾಖಾನೆಯ ಬಾಗಿಲಿಗೆ ಪರದೆ ಇತ್ತು. ಪರದೆಯ ಕೆಳಗೆ ಎರಡು ಪಾದ. ಬೆಳ್ಳಿ ಕಡಗದ ಪಾದ. ನಿನ್ನ ಅತ್ತೆ ಬೆಂಚು ಬಿಟ್ಟೆದ್ದು ಬಂದು ಕಿವಿ ಇಟ್ಟಿದ್ದಳು! ಡಾಕ್ಟರಿಗೆ ಗೊತ್ತಿಲ್ಲದ ಮಾತು ಆಕೆಗೆ ಚೆನ್ನಾಗಿ ಗೊತ್ತಿತ್ತು. ದಿಖ್ ಎಂಬ ಮಾತು ಎರಡನೇ ಸಲ ಆ ಕೋಣೆಯಲ್ಲಿ ಎದ್ದಿದ್ದರೆ ಅವತ್ತೇ ನಿನ್ನನ್ನು ಚಳ್ಳಕೆರೆ ಬಸ್ಸು ಹತ್ತಿಸುತ್ತಿದ್ದಳು. ಅಮ್ಮಿಯ ಮಾತು ಮುಳುಗಿ ಹೋಗುವ ಹಾಗೆ ನಾನು ಕೂಗಿದೆ. ನಿನ್ನ ಸಂಸಾರ ಉಳಿಸಿದೆ. ಇದಕ್ಕೆ ಶಿಕ್ಷೆ ಬೇಕೇ? ಕೊಡು!

ಗೋವರ್ಧನನ ಬಳಿಗೆ ಹೋಗಿದ್ದೆ. ಸಿದ್ದಾಪುರದಲ್ಲಿ ಬಂಡೆ ಮೇಲೆ ಕೂತು ಕುರಿ ನೋಡಿಕೊಳ್ಳುತ್ತಿದ್ದಾನೆ. ಕೂಗಾಡಿದೆ. ಅವನು ಎದ್ದೂ ನಿಲ್ಲಲಿಲ್ಲ. "ಬಾಬಣ್ಣ, ಅಕ್ಷರ ನಂದು, ಮಾತು ನಿಂದು. ಆವತ್ತು ಅಷ್ಟು ಜೋರಾಗಿ ಯಾಕೆ ಕೂಗಿದೆ ಅಂತ ನಾನು ಇವತ್ತಿಗೂ ಯೋಚನೆ ಮಾಡ್ತೀನಿ. ಕುರಿ ಬೆದರ್ತಾವೆ, ಮೆಲ್ಲಗೆ ಮಾತಾಡು" ಅಂದ. ವಾಪಸು ಬಂದೆ.

ಹೀನಾಗೆ ಏನೂ ಆಗಿಲ್ಲ. ಶುಂಠಿ ಕಷಾಯ ಕುಡಿಯುತ್ತಿದ್ದಾಳೆ. ಆಕೆಯ ಹೆಸರು ನಿನ್ನ ಕಾಗದದಲ್ಲಿ ಇನ್ನೊಮ್ಮೆ ಬಂದರೆ ನಾನು ಉತ್ತರ ಬರೆಯುವುದಿಲ್ಲ.

ಬಾಬು ಸಾಬ್


ಮೊಳಕಾಲ್ಮೂರು
11-1-2003

ಹೀನಾ ಬೇಟಿ,

ಲಕೋಟೆಯ ಮೇಲೆ ನಿನ್ನ ಹೆಸರು ಬರೆಸಿದ್ದೇನೆ, ಯಾಕೆಂದರೆ ನಿನ್ನ ಅಬ್ಬಾ ನನಗೆ ಮೂರು ತಿಂಗಳಿಂದ ಉತ್ತರ ಬರೆದಿಲ್ಲ. ಇದನ್ನು ಒಬ್ಬಳೇ ಓದಬೇಡ. ಅಬ್ಬಾನನ್ನು ಕೂರಿಸಿಕೋ. ಅಜ್ಜಿ ಮದರ್ ಬೀಯನ್ನೂ ಕರೆ. ಗಟ್ಟಿಯಾಗಿ ಓದು. ನಿಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಮಾತು ಕೊಡುವವಳು ನಾನಿದ್ದೆ. ಈಗ ನೀನು.

ಕೂತರೇ? ಓದು.

ಭಾಯ್, ನಿನ್ನ ತಂಗಿಗೆ ಹದಿನಾರು ವರ್ಷಕ್ಕೆ ಹೊಟ್ಟೆಯಲ್ಲಿ ಟಿಬಿ ಆಗಿತ್ತು. ತೊಂಬತ್ತು ಸೂಜಿ ಬರೆದಿದ್ದರು. ನಲವತ್ತಕ್ಕೆ ನಿಲ್ಲಿಸಿದಿರಿ. ಜ್ವರ ನಿಂತಿತಲ್ಲ ಅಂದಿರಿ. ಹುಡುಗಿ ದಿನಾ ಆಸ್ಪತ್ರೆಗೆ ಹೋಗುವುದನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ ಅಂದಿರಿ. ಉಳಿದ ಐವತ್ತು ಸೂಜಿಯ ಕೆಲಸ ನನ್ನ ಟ್ಯೂಬಿನಲ್ಲಿ ಹಾಗೇ ಉಳಿಯಿತು.

ನನ್ನ ಸಂಸಾರ ಉಳಿಸಿದೆಯಂತೆ! ಯಾವುದು ಸಂಸಾರ? ಪಕ್ಕದ ಮನೆಯಲ್ಲಿ ಕೂಸು ಅತ್ತರೆ ನಾನು ಕಿಟಕಿ ಹಾಕಿಕೊಳ್ಳಬೇಕು, ದೃಷ್ಟಿಯಾದೀತೆಂದು. ಆ ಸಂಸಾರವೇ? ಬಸ್ಸು ಹತ್ತಿಸುತ್ತಿದ್ದರೆ ಹತ್ತಿಸಲಿ ಬಿಡಬೇಕಿತ್ತು! ಚಳ್ಳಕೆರೆಯಲ್ಲಿ ಇಳಿಯುತ್ತಿದ್ದೆ. ಅಲ್ಲಿ ನನ್ನ ದಿಕ್ಕು ಇತ್ತಲ್ಲ, ಎದೆ ತಟ್ಟಿಕೊಂಡ ದಿಕ್ಕು! ಎಲ್ಲಿಗೆ ಹೋಗಿತ್ತು ಅದು? ನನಗಾಗಿ ನುಂಗಿದೆ ಅನ್ನಬೇಡ. ವಾಪಸು ಬಂದ ತಂಗಿ ಮನೆಯಲ್ಲಿದ್ದರೆ ಸ್ಟೇಜಿನ ಮೇಲೆ ರಾಜನಾಗಿ ನಿಂತಾಗ ಯಾರಾದರೂ ನಕ್ಕಾರು ಎಂದು ನುಂಗಿದೆ. ಮಹಾಪ್ರಾಣ ಅಂದುಕೊಂಡು ನುಂಗಿದ್ದು ನನ್ನ ಪ್ರಾಣ ಭಾಯ್.

ಹೀನಾ, ಅಬ್ಬಾ ಎದ್ದರೇ? ಎದ್ದರೆ ಇನ್ನೂ ಗಟ್ಟಿಯಾಗಿ ಓದು.

ಈದ್‌ಗೆ ನಿಮ್ಮಲ್ಲಿಗೆ ಬಂದ ನನ್ನ ಗಂಡ ಒಂದು ಮಾತು ಹೇಳಿದರು. ಹುಡುಗಿ ಕೆಮ್ಮು ಕೇಳಿಸದಿರಲೆಂದು ಬಾಯಿಗೆ ದುಪಟ್ಟಾ ತುರುಕಿಕೊಂಡು ಶ್ಯಾವಿಗೆ ಬಡಿಸಿದಳಂತೆ. ಬೇಟಿ, ಯಾರು ಕಲಿಸಿದರು ನಿನಗೆ ಅದನ್ನು? ಎಷ್ಟು ತಿಂಗಳ ಕೆಮ್ಮು? ಈಗಲೇ, ಅಬ್ಬಾನ ಮುಖ ನೋಡಿ ಹೇಳು. ನಾನು ಕಾಯುತ್ತೇನೆ.

ಹೇಳಿದೆಯಾ?

ಭಾಯ್, ಇದು ನನ್ನ ಹಾಗೆಯೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಡಾಕ್ಟರಮ್ಮ ಹೇಳದ್ದನ್ನು ನಾನು ಹೇಳಲಾರೆ. ಆದರೆ ಟಿಬಿ ಇದ್ದರೆ ಗೊತ್ತಾಗುತ್ತದೆ, ಪೂರ್ತಿ ಮಾತ್ರೆ ತಗೊಂಡರೆ ಹೋಗುತ್ತದೆ. ಇದರಲ್ಲಿ 'ಇರಬಹುದು' ಇಲ್ಲ. ಬಕ್ರೀದ್‌ನೊಳಗೆ ಕಫ ಪರೀಕ್ಷೆ ಮಾಡಿಸು. ಏನೇ ಬಂದರೂ ರಾಯದುರ್ಗದವರ ಮುಂದೆ ನಿನ್ನ ಬಾಯಿಂದಲೇ ಹೇಳು. ಇಲ್ಲದಿದ್ದರೆ ಅವರು ಬರುವ ದಿನ ನಾನೇ ಬರುತ್ತೇನೆ. ಕ್ಯಾನ್ಸರ್ ಸೂಜಿಗೆ ತಲೆಯಲ್ಲಿ ಒಂದು ಕೂದಲಿಲ್ಲ, ಹುಬ್ಬೂ ಉದುರಿದೆ. ಸೆರಗು ತೆಗೆದು ನಿಮ್ಮ ನಡುಮನೆಯಲ್ಲಿ ನಿಲ್ಲುತ್ತೇನೆ. ಅದಕ್ಕಿಂತ ದೊಡ್ಡ ನಾಟಕ ನೀನು ಜನ್ಮದಲ್ಲಿ ಆಡಿರಲಿಕ್ಕಿಲ್ಲ.

ನಿನ್ನ ಫುಪ್ಪು,
ಮೆಹಜಬೀನ್


ಚಳ್ಳಕೆರೆ
23-2-2003

ತಂಗೀ,

ಹೀನಾ ಓದಿದಳು. ನಾನು ಎದ್ದೆ. ಅವಳು ಇನ್ನೂ ಗಟ್ಟಿಯಾಗಿ ಓದಿದಳು. 'ಎಷ್ಟು ತಿಂಗಳ ಕೆಮ್ಮು' ಎಂಬಲ್ಲಿ ನಿಂತು, ನನ್ನ ಮುಖ ನೋಡಿ, "ಐದು ತಿಂಗಳು ಅಬ್ಬಾ" ಅಂದಳು. ಅಷ್ಟು ಹೇಳುವುದರೊಳಗೆ ಕೆಮ್ಮು ಬಂತು. ದುಪಟ್ಟಾ ತೆಗೆದು ನೋಡಿದರೆ ಹುಂಜದ ಜುಟ್ಟಿನಷ್ಟು ಕೆಂಪು ರಕ್ತ. ಅಮ್ಮಿ ನನ್ನ ಕೆನ್ನೆಗೆ ಹೊಡೆದಳು. ಎಪ್ಪತ್ತೈದು ವರ್ಷದ ಮುದುಕಿಯ ಕೈ, ನೋವಾಗಲಿಲ್ಲ. ಆಗಬೇಕಿತ್ತು.

ಮರುದಿನವೇ ಆಸ್ಪತ್ರೆ. ಕಫದಲ್ಲಿ ಟಿಬಿ ಇದೆ. ಆರು ತಿಂಗಳ ಮಾತ್ರೆ, ವಾರಕ್ಕೆ ಮೂರು ದಿನ ಅಂಗನವಾಡಿಯ ಜಯಕ್ಕನ ಎದುರಿಗೇ ನುಂಗಬೇಕು. ನುಂಗಿದ ಮೇಲೆ ಜಯಕ್ಕ "ಆ ಅನ್ನು" ಎಂದು ಬಾಯಿ ತೆರೆಸಿ ನೋಡುತ್ತಾಳೆ. ನನ್ನ ಬಾಯಿಯನ್ನೂ ಯಾರಾದರೂ ಹಾಗೆ ತೆರೆಸಿ ನೋಡಿದ್ದರೆ!

ಬಕ್ರೀದ್ ಆದ ಭಾನುವಾರ ರಾಯದುರ್ಗದವರು ಬಂದರು. ಸಂಬಂಧ ತಂದ ಲಾರಿ ಮಾಲೀಕ ಕ್ಯಾತಣ್ಣನೂ ಜೊತೆಗೆ. ಚಹಾ, ಬಿಸ್ಕತ್ತು. ನಾನು ಎದ್ದು ನಿಂತೆ. ಮೂವತ್ತು ವರ್ಷ ಬಣ್ಣ ಹಚ್ಚಿದ ನನಗೆ, ತಂಗೀ, ಮಾತು ಬರಲಿಲ್ಲ. ಬಾಯಿ ತೆರೆದದ್ದು ತೆರೆದ ಹಾಗೇ. ಆಗ ಒಳಗಿನ ಪರದೆ ಹಿಂದಿನಿಂದ ಹೀನಾ ಪಿಸುಗುಟ್ಟಿದಳು. "ದಿಖ್, ಅಬ್ಬಾ."

"ನನ್ನ ಮಗಳಿಗೆ ದಿಖ್ ಐತೆ" ಅಂದೆ.

ರಾಯದುರ್ಗದವರಿಗೆ ತಿಳಿಯಿತು, ಕೈಯಲ್ಲಿದ್ದ ಕಪ್ಪು ನಿಂತಿತು. ಕ್ಯಾತಣ್ಣನಿಗೆ ತಿಳಿಯಲಿಲ್ಲ. ಆ ಪುಣ್ಯಾತ್ಮ ಏನೆಂದ ಗೊತ್ತೇ? "ಏನಂದೆ ಬಾಬಣ್ಣ, ದಿಕ್ಕಾ? ಹೆಣ್ಣಿಗೆ ದಿಕ್ಕು ನೀನಿದೀಯಲ್ಲ, ಇನ್ನೇನು ಬಿಡು!"

ಅದೇ ಮಾತು. ಹದಿನಾರು ವರ್ಷದ ಮೇಲೆ ಅದೇ ಮಾತನ್ನು ಯಾರೋ ನನ್ನ ಕೈಗೆ ವಾಪಸು ಕೊಟ್ಟರು. ಎದೆ ತಟ್ಟಿಕೊಂಡು ನಕ್ಕುಬಿಟ್ಟಿದ್ದರೆ, ಅವರೂ ಕೇಳಿದ್ದು ತಪ್ಪಿತೇನೋ ಎಂದುಕೊಳ್ಳುತ್ತಿದ್ದರೋ ಏನೋ. ಕೈ ಎದೆಯವರೆಗೂ ಬಂದಿತ್ತು, ಸುಳ್ಳು ಹೇಳುವುದಿಲ್ಲ.

"ಅಲ್ಲ ಕ್ಯಾತಣ್ಣ. ದಿಕ್ಕಲ್ಲ. ದಿಖ್. ಟಿಬಿ. ಮಾತ್ರೆ ತಗೋತಿದಾಳೆ, ವಾಸಿ ಆಗ್ತದೆ. ನನ್ನ ತಂಗಿಗೂ ಆಗಿತ್ತು. ಅದನ್ನ ಮುಚ್ಚಿಟ್ಟೋನು ನಾನು" ಅಂದೆ.

ಹುಡುಗನ ತಂದೆ ಎದ್ದರು. "ಎಂದುಕು ಪಿಲಿಚಾವಯ್ಯಾ ಮಮ್ಮಲ್ನಿ?" ಅಂದರು. ಯಾಕಪ್ಪಾ ನಮ್ಮನ್ನು ಕರೆಸಿದೆ, ಅಂತ. ಹೋದರು. ಕ್ಯಾತಣ್ಣ ಮಾತ್ರ ಕೂತಿದ್ದು ಅವರ ಪಾಲಿನ ಬಿಸ್ಕತ್ತೂ ತಿಂದು ಹೋದ.

ಆಮೇಲೆ ಹೀನಾ ಹೊರಗೆ ಬಂದು, "ಅಬ್ಬಾ, ನೀವು ಇಷ್ಟು ಮೆಲ್ಲಗೆ ಮಾತಾಡಿದ್ದು ನಾನು ನೋಡೇ ಇರಲಿಲ್ಲ" ಅಂದಳು.

ನೀನು ಬರೆದದ್ದು ನಿಜ. ನನ್ನ ಮಾನಕ್ಕಾಗಿ ನುಂಗಿದೆ. ಕ್ಷಮಿಸು ಎಂದು ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಎಲ್ಲವೂ ನಾಟಕದ ಮಾತಿನ ಹಾಗೇ ಕೇಳಿಸಿತು. ಬರಲೇ? ನೀನು ಹೇಳಿದರೆ ಬರುತ್ತೇನೆ.

ಬಾಬು


ಮೊಳಕಾಲ್ಮೂರು
6-3-2003

ಭಾಯ್,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಚಿಕ್ಕ ಕಾಗದ. ಸೂಜಿ ಇನ್ನು ಒಂದು ಬಾಕಿ. ಅದಾದ ಮೇಲೆ ಏನು ಎಂದು ನಾನು ಕೇಳಿಲ್ಲ, ಡಾಕ್ಟರಮ್ಮ ಹೇಳಿಲ್ಲ.

ಹೀನಾ ಒಂದು ಮಾತ್ರೆಯನ್ನೂ ಬಿಡಬಾರದು. ಜ್ವರ ನಿಂತರೂ ಬಿಡಬಾರದು. ಕೆನ್ನೆ ತುಂಬಿಕೊಂಡು ನಗುನಗುತ್ತಾ ಓಡಾಡಿದರೂ ಬಿಡಬಾರದು. ನಲವತ್ತಕ್ಕೆ ನಿಲ್ಲಿಸಿದ ಮನೆ ಅದು, ನೆನಪಿರಲಿ.

ಕ್ಷಮೆಯ ಮಾತು ಬೇಡ. ನನ್ನಲ್ಲಿ ಅದಿಲ್ಲ. ಹುಡುಕಿ ನೋಡಿದೆ, ಇಲ್ಲ.

ಆದರೆ ಬಾ. ಅಲ್ಲಿ ಮೆಲ್ಲಗೆ ಹೇಳಿದ್ದು ಸರಿಹೋಯಿತು. ಇಲ್ಲಿ ಮೆಲ್ಲಗೆ ನಡೆಯುವುದಿಲ್ಲ. ಅತ್ತೆಗೆ ಈಗ ಕಿವಿ ಪೂರಾ ಮಂದ. ಗಂಡ ಒಂದು ವಾರದಿಂದ ವಿಷಯ ಹೇಳುತ್ತಿದ್ದಾರೆ, ಆಕೆ "ಹಾಂ? ಹಾಂ?" ಅನ್ನುತ್ತಾರೆ. ಪಾಲಮ್ಮನ ಮಗ್ಗ ನಿಲ್ಲುವುದೇ ಇಲ್ಲ, ಆ ಸದ್ದಿನ ಮೇಲೆ ಹೋಗುವ ದನಿ ಬೇಕು. ದೇವರು ನಿನಗೆ ಅಂಥದೊಂದು ಕೊಟ್ಟಿದ್ದಾನೆ. ಅದರಿಂದಲೇ ನನ್ನನ್ನು ಮುಳುಗಿಸಿದೆ, ಅದನ್ನೇ ತಗೊಂಡು ಬಾ. ನಮ್ಮ ಹೊಸ್ತಿಲ ಮೇಲೆ, ಬೀದಿಗೆ ಮುಖ ಮಾಡಿ ನಿಲ್ಲು. ಮೆಹಜಬೀನ್‌ಗೆ ಏನಾಗಿತ್ತು, ಯಾರು ಮುಚ್ಚಿಟ್ಟರು, ಎಲ್ಲ ಹೇಳು. ನಾನು ಒಳಗೆ ಮಲಗಿ ಕೇಳಿಸಿಕೊಳ್ಳುತ್ತೇನೆ. ಮರೆತರೆ ಮಾತು ಕೊಡುತ್ತೇನೆ.

ಬಸ್ಸು ಹತ್ತುವ ಮೊದಲು ಒಂದು ಸಲ ಈ ಕಾಗದವನ್ನೇ ಬಾಯಿ ಮುಂದೆ ಹಿಡಿದು 'ದಿಖ್' ಅಂದು ನೋಡು. ಅಲುಗಾಡಬೇಕು.

ಮೆಹಜಬೀನ್